ಅಮ್ಮನಿಗೆ ಥ್ಯಾಂಕ್ಸ್ ಹೇಳಬಾರದು

ನಮ್ಮ ಮನೆಗಳಲ್ಲಿ ಅಮ್ಮನಿಗೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ. ದೋಸೆ ಹಾಕಿದರೆ "ಇನ್ನೊಂದು" ಅಂತೀವಿ, ಅಷ್ಟೇ. ಗರಿಗರಿ ಆಗಿಲ್ಲ ಅಂತ ಗೊಣಗಿದರೂ ನಡೆಯುತ್ತದೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಕಲಿಸಿಲ್ಲ, ಆದರೆ ಮುರಿದು ನೋಡಿ, ಮನೆಯೇ ತಲೆಕೆಳಗಾಗುತ್ತದೆ.

ನನ್ನ ಅಕ್ಕನ ಮಗ ಸೋಷಿಯಾಲಜಿ ಓದುತ್ತಾನೆ. ರಜೆಗೆ ಬಂದವನು ಹೆರಾಲ್ಡ್ ಗಾರ್ಫಿಂಕೆಲ್ ಅನ್ನುವ ಅಮೆರಿಕದ ಮೇಷ್ಟ್ರ ಕಥೆ ಹೇಳಿದ. ಅವರು ವಿದ್ಯಾರ್ಥಿಗಳಿಗೆ ಒಂದು ವಿಚಿತ್ರ ಹೋಮ್‌ವರ್ಕ್ ಕೊಟ್ಟಿದ್ದರು: ನಿಮ್ಮ ಮನೆಯಲ್ಲೇ ಬಾಡಿಗೆಗೆ ಇರುವವರ ಹಾಗೆ ಇರಿ, ಸಲುಗೆ ಬೇಡ, ವಿನಯ ಇರಲಿ, ಕೇಳಿದರೆ ಮಾತ್ರ ಮಾತಾಡಿ. 15 ನಿಮಿಷದಿಂದ 1 ಗಂಟೆ ಸಾಕು. ಏನಾಯಿತು ಅನ್ನುವುದು ಅವರ 1967ರ ಪುಸ್ತಕದಲ್ಲಿದೆ. ಅಪ್ಪ ಅಮ್ಮಂದಿರು ಕಂಗಾಲಾದರು, ರೇಗಿದರು, ಹುಷಾರಿಲ್ವಾ ಅಂತ ಕೇಳಿದರು.

ನಮ್ಮ ಹುಡುಗ ಸುಮ್ನೆ ಇರುತ್ತಾನಾ? ಮಾರನೇ ಬೆಳಿಗ್ಗೆ ಅಡುಗೆಮನೆ ಬಾಗಿಲಲ್ಲಿ ಕೈಕಟ್ಟಿ ನಿಂತ.

"ನಿಮಗೆ ತೊಂದರೆ ಇಲ್ಲ ಅಂದ್ರೆ ಫ್ರಿಜ್ಜಿಂದ ಸ್ವಲ್ಪ ಮೊಸರು ತಗೋಬಹುದಾ?"

ಹುಟ್ಟಿದಾಗಿನಿಂದ ನೀನು, ಹೋಗೇ, ಬಾರೇ ಅಂತಿದ್ದವನು. ಅಕ್ಕ ಸೌಟು ಹಿಡಿದು ಹಾಗೇ ನಿಂತಳು. ಆಮೇಲೆ ಕೇಳಿದ ಮೊದಲ ಪ್ರಶ್ನೆ, "ಎಷ್ಟು ದುಡ್ಡು ಬೇಕು?" ದುಡ್ಡು ಬೇಡ ಅಂದ. "ಹಾಗಾದ್ರೆ ಯಾರವಳು?" ಅವಳೂ ಇಲ್ಲ. ಹಣೆ ಮುಟ್ಟಿ ನೋಡಿದಳು, ಜ್ವರವೂ ಇಲ್ಲ. ಅಷ್ಟಕ್ಕೇ ಬಿಟ್ಟಿದ್ದರೆ ಉಳಿದುಕೊಳ್ಳುತ್ತಿದ್ದ, ಆದರೆ ತಿಂಡಿ ಮುಗಿಸಿ "ಉಪ್ಪಿಟ್ಟು ತುಂಬಾ ಚೆನ್ನಾಗಿತ್ತು, ಥ್ಯಾಂಕ್ಸ್" ಅಂದುಬಿಟ್ಟ. ಉಪ್ಪಿಟ್ಟನ್ನು ಹೊಗಳುವ ಮಕ್ಕಳು ಕರ್ನಾಟಕದಲ್ಲಿ ಎಲ್ಲಿದ್ದಾರೆ? ಅಕ್ಕನಿಗೆ ಖಾತ್ರಿಯಾಯಿತು. ಉಪ್ಪು, ಒಣಮೆಣಸಿನಕಾಯಿ ತಂದು ನಿವಾಳಿಸಿದಳು. ಈಗ ಕೆಂಡ ಎಲ್ಲಿ ಬರಬೇಕು, ಗ್ಯಾಸ್ ಒಲೆ ಮೇಲೇ ಸುಟ್ಟಳು. ಘಾಟು ಬರದಿದ್ದರೆ ದೃಷ್ಟಿ ದೊಡ್ಡದು ಅಂತ ಲೆಕ್ಕ ಅಲ್ವಾ? ಬರಲೇ ಇಲ್ಲ. ಮೇಲೆ ಹೊಗೆ ಎಳೆಯುವ ಚಿಮಣಿ ಓಡುತ್ತಿತ್ತು ಅಂತ ಯಾರು ಹೇಳಬೇಕು, ಅಷ್ಟರಲ್ಲಿ ಊರಿನ ಅಜ್ಜಿಗೆ ಫೋನ್ ಹೋಗಿತ್ತು.

ಇಷ್ಟಾದರೂ ಅವನಿಗೆ ಬುದ್ಧಿ ಬರಲಿಲ್ಲ. ಮುಂದಿನ ಸರದಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರದು. 1970ರ ದಶಕದಲ್ಲಿ ನ್ಯೂಯಾರ್ಕಿನ ಸಬ್‌ವೇ ರೈಲಿನಲ್ಲಿ ಅವರ ವಿದ್ಯಾರ್ಥಿಗಳು ಕಾರಣ ಹೇಳದೆ "ನಿಮ್ಮ ಸೀಟು ಕೊಡ್ತೀರಾ?" ಅಂತ ಕೇಳಿದರೆ ಶೇ. 68ರಷ್ಟು ಸಲ ಸೀಟು ಸಿಕ್ಕಿತ್ತು. ಕೇಳುವವರಿಗೇ ಪ್ರಾಣಸಂಕಟ. ಸ್ವತಃ ಮಿಲ್‌ಗ್ರಾಮ್‌ಗೆ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತ್ತಂತೆ, ಸೀಟು ಸಿಕ್ಕಮೇಲೆ ಹುಷಾರಿಲ್ಲದವರ ಹಾಗೆ ತಲೆ ತಗ್ಗಿಸಿ ಕೂತಿದ್ದರಂತೆ.

ನಮ್ಮವನು ಸಿಟಿ ಬಸ್ಸಿನಲ್ಲಿ ಒಬ್ಬ ದೊಡ್ಡವರನ್ನು ಕೇಳಿದ. ಅವರು ತಕ್ಷಣ ಎದ್ದರು. ಕೂತವನಿಗೆ ನಾಚಿಕೆಯಾಗಿ, ತನಗೇ ಗೊತ್ತಿಲ್ಲದೆ ಹೊಟ್ಟೆ ಹಿಡಿದುಕೊಂಡ.

"ಕಲ್ಲಾ?" ಅಂದರು ಅವರು.

ಇಲ್ಲ ಅನ್ನಲು ಧೈರ್ಯ ಬರಲಿಲ್ಲ, ಹೂಂ ಅಂದ. ಬಾಳೆದಿಂಡಿನ ರಸ, ಬೆಳಿಗ್ಗೆ ಖಾಲಿ ಹೊಟ್ಟೆಗೆ ಅಂತ ಶುರುವಾಯಿತು. ಹಿಂದಿನ ಸೀಟಿನ ಅಜ್ಜಿ ಅದೆಲ್ಲ ಬೇಡ, ಹುರುಳಿಕಟ್ಟು ಕುಡಿ ಅಂದರು. ಕಂಡಕ್ಟರ್ ಕೂಡ ಟಿಕೆಟ್ ಹರಿಯುವುದು ಬಿಟ್ಟು ತಮ್ಮ ಭಾವಮೈದನ ಕಲ್ಲಿನ ಅಳತೆಯನ್ನು ಬೆರಳಲ್ಲಿ ತೋರಿಸಿದರು. ಇಳಿಯಬೇಕಾದ ಸ್ಟಾಪ್ ಬಂದಾಗ ಇವನು ಎದ್ದ, ಆದರೆ ಇಷ್ಟು ನೋವಿನಲ್ಲಿ ಎಲ್ಲಿಗೆ ಹೋಗ್ತೀಯಾ ಅಂತ ನಾಲ್ಕು ಜನ ಸೇರಿ ಹೆಗಲು ಹಿಡಿದು ಮತ್ತೆ ಕೂರಿಸಿದರು.