ಹನ್ನೊಂದು ವರ್ಷದಿಂದ ಬಕೆಟ್ ಎತ್ತದ ಭಾವ

ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಏಳನೇ ವಾರ ಅದು. ನಾನಿರುವ ದೇಶದಲ್ಲಿ ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗ ಮಾತ್ರೆಗಳ ಜೊತೆ ವ್ಯಾಯಾಮಕ್ಕೂ ಒಂದು ಚೀಟಿ ಬರೆದುಕೊಡುತ್ತಾರೆ. ಟ್ರೆಡ್‌ಮಿಲ್ ಪರೀಕ್ಷೆ ಮಾಡಿ, ವಾರಕ್ಕೆರಡು ದಿನ ರಿಹ್ಯಾಬ್, ಅಂದರೆ ಚೇತರಿಕೆಯ ವ್ಯಾಯಾಮದ, ತರಗತಿಗೆ ಬಾ ಅಂದಿದ್ದರು. ಅವತ್ತು ಎರಡೂ ಕೈಯಲ್ಲಿ ಎರಡೆರಡು ಕೆ.ಜಿ. ಡಂಬೆಲ್ ಹಿಡಿದು ನಿಂತಿದ್ದೆ. ಎದುರಿನ ಗೋಡೆಯ ಮೇಲೆ, ಎಷ್ಟು ಶ್ರಮ ಅನ್ನಿಸುತ್ತಿದೆ ಅಂತ ಹೇಳಲು 6ರಿಂದ 20ರವರೆಗೆ ಅಂಕಿಗಳ ಪಟ್ಟಿ. 'ಈಗ ಎಷ್ಟು?' ಅಂತ ಫಿಸಿಯೋಥೆರಪಿಸ್ಟ್ ಕೇಳಿದರು. 'ಒಂಬತ್ತು' ಅಂದೆ. 'ಹಾಗಾದರೆ ಇದು ನಿಮಗೆ ಸಾಲದು' ಅಂತ ಮೂರು ಕೆ.ಜಿ.ಯದ್ದನ್ನು ಕೈಗಿಟ್ಟರು.

ರಾತ್ರಿ ಫೋನಿನಲ್ಲಿ ಇದನ್ನು ಅಕ್ಕನಿಗೆ ಹೇಳಿದ್ದೇ ತಪ್ಪಾಯಿತು. 'ತಲೆ ಕೆಟ್ಟಿದೆಯೇನೋ ನಿಂಗೆ? ಸ್ಟೆಂಟ್ ಹಾಕಿಸ್ಕೊಂಡೋನು ಭಾರ ಎತ್ತೋದಾ? ನಿಮ್ಮ ಭಾವನ್ನ ನೋಡು. ಬೈಪಾಸ್ ಆಗಿ ಹನ್ನೊಂದು ವರ್ಷ. ದಿನಾ ವಾಕಿಂಗು, ಅಷ್ಟೇ. ಒಂದು ಬಕೆಟ್ ನೀರು ಎತ್ತೋಕೆ ಬಿಟ್ಟಿಲ್ಲ ನಾನು.'

ಅಕ್ಕನ ಭಯ ಸುಮ್ಮನೆ ಹುಟ್ಟಿದ್ದಲ್ಲ. ಬೈಪಾಸ್‌ಗೆ ಎದೆಮೂಳೆಯನ್ನೇ ಸೀಳಿರುತ್ತಾರೆ. ಅದು ಕೂಡಿಕೊಳ್ಳುವವರೆಗೆ, ಅಂದರೆ ಸುಮಾರು ಎರಡು ಮೂರು ತಿಂಗಳು, ಭಾರ ಎತ್ತಬೇಡಿ ಅಂತ ಹೇಳೇ ಹೇಳುತ್ತಾರೆ. ಭಾವನಿಗೂ ಹೇಳಿದ್ದರು. ಆ ಗಡುವು ಮುಗಿಯಿತು ಅಂತ ಮಾತ್ರ ಆಮೇಲೆ ಯಾರೂ ಹೇಳಲಿಲ್ಲ. ಮೂರು ತಿಂಗಳ ಪಥ್ಯ ಹನ್ನೊಂದು ವರ್ಷ ನಡೆಯಿತು!

ಹೃದಯದ ಕಾಯಿಲೆಯವರು ಅಲುಗಾಡಬಾರದು ಅನ್ನುವುದು ನಮ್ಮವರ ಸ್ವಂತ ಕಲ್ಪನೆಯೂ ಅಲ್ಲ. ಹೃದಯಾಘಾತವಾದವರನ್ನು ವಾರಗಟ್ಟಲೆ ಹಾಸಿಗೆಯಲ್ಲೇ ಮಲಗಿಸುವುದು ಇಪ್ಪತ್ತನೇ ಶತಮಾನದ ನಡುವಿನವರೆಗೂ ದೊಡ್ಡ ದೊಡ್ಡ ವೈದ್ಯರ ಪದ್ಧತಿ. ಅಮೆರಿಕದ ಸ್ಯಾಮ್ಯುಯೆಲ್ ಲೆವಿನ್ ಮತ್ತು ಬರ್ನಾರ್ಡ್ ಲೌನ್ 1952ರಲ್ಲಿ ರೋಗಿಗಳನ್ನು ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಿದ್ದೇ ಆಗ ದೊಡ್ಡ ಧೈರ್ಯ. ಅದಕ್ಕೂ ಬಹಳ ಹಿಂದೆ, ಎದೆನೋವಿನ ಲಕ್ಷಣಗಳನ್ನು ಮೊದಲು ವಿವರವಾಗಿ ದಾಖಲಿಸಿದ ಇಂಗ್ಲೆಂಡಿನ ವಿಲಿಯಂ ಹೆಬರ್ಡನ್, ದಿನಕ್ಕೆ ಅರ್ಧ ಗಂಟೆ ಮರ ಕೊಯ್ದು ಬಹುಮಟ್ಟಿಗೆ ಗುಣವಾದ ಒಬ್ಬ ರೋಗಿಯ ಬಗ್ಗೆ ಬರೆದಿಟ್ಟಿದ್ದ. ಯಾರೂ ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ ಅಂತ ಕಾಣುತ್ತದೆ.

ಈಗ ನಮ್ಮವರು ರೆಸ್ಟಿನಿಂದ ವಾಕಿಂಗಿಗೆ ಬಂದಿದ್ದೇವೆ. ಒಳ್ಳೆಯದೇ. ಆದರೆ ನಮ್ಮಲ್ಲಿ ವಾಕಿಂಗ್ ಅಂದರೆ ಹೊತ್ತಿನ ಲೆಕ್ಕ, ವೇಗದ ಲೆಕ್ಕವಿಲ್ಲ. ಒಂದು ಗಂಟೆ ಹೋಗಿ ಬಂದೆ ಅನ್ನುತ್ತೇವೆ. ಏದುಸಿರು ಬಂತೇ ಅಂತ ಯಾರೂ ಕೇಳುವುದಿಲ್ಲ. ಇಲ್ಲಿ ಮೊದಲು ಕೇಳುವುದೇ ಅದನ್ನು. ಬೀಟಾ ಬ್ಲಾಕರ್ ಮಾತ್ರೆ ನುಂಗುವವರ ನಾಡಿ ಎಷ್ಟು ದುಡಿದರೂ ಅಷ್ಟಾಗಿ ಏರುವುದಿಲ್ಲ, ಹಾಗಾಗಿ ನಾಡಿ ಎಣಿಸಿ ಲೆಕ್ಕ ಹಾಕಿದರೆ ಎಡವುತ್ತೇವೆ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ಮಾಡಿದ ಆ 6ರಿಂದ 20ರ ಪಟ್ಟಿ ಗೋಡೆಯ ಮೇಲಿರುವುದು ಅದಕ್ಕೇ. ಹನ್ನೊಂದರಿಂದ ಹದಿನಾಲ್ಕರೊಳಗೆ ಇದ್ದರೆ ನನ್ನಂಥವನಿಗೆ ಸರಿಯಾದ ಶ್ರಮ. ಪಟ್ಟಿ ಇಲ್ಲದಿದ್ದರೆ ಇನ್ನೊಂದು ಉಪಾಯ: ಮಾತಾಡಲು ಬರಬೇಕು, ಹಾಡಲು ಬರಬಾರದು.

ನಡಿಗೆ, ಸೈಕಲ್, ಈಜು ಮುಂತಾದವು ಮಾಡುವ ಕೆಲಸ ಹೆಚ್ಚು ಕಡಿಮೆ ಒಂದೇ. ಹೃದಯದ ಸ್ನಾಯುವಿಗೆ ರಕ್ತ ಸಿಗುವುದು ಹೆಚ್ಚಾಗಿ ಬಡಿತ ಬಡಿತದ ನಡುವೆ ಅದು ಸಡಿಲವಾದ ಹೊತ್ತಿನಲ್ಲಿ. ಪಳಗಿದ ದೇಹ ಅದೇ ಕೆಲಸವನ್ನು ಕಡಿಮೆ ಬಡಿತದಲ್ಲಿ ಮಾಡಿ ಮುಗಿಸುತ್ತದೆ. ಸಡಿಲವಾಗಿರುವ ಹೊತ್ತು ಹೆಚ್ಚುತ್ತದೆ, ಕಿರಿದಾದ ರಕ್ತನಾಳದಲ್ಲೂ ಒಂದಿಷ್ಟು ಹೆಚ್ಚು ರಕ್ತ ಹರಿಯುತ್ತದೆ. ಮಹಡಿ ಹತ್ತುವಾಗ ಬರುತ್ತಿದ್ದ ಎದೆನೋವು ಇನ್ನೂ ನಾಲ್ಕು ಮೆಟ್ಟಿಲು ಮೇಲಕ್ಕೆ ಜಾರುತ್ತದೆ.

ಇನ್ನು ಇಲ್ಲಿಯ ಹೊಸ ಹುಚ್ಚು, ಇಂಟರ್ವಲ್. ನಾಲ್ಕು ನಿಮಿಷ ಜೋರು, ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು. ನಾರ್ವೆಯವರ 2004ರ ಒಂದು ಸಣ್ಣ ಅಧ್ಯಯನದಲ್ಲಿ ಹೀಗೆ ಮಾಡಿದ ಹೃದ್ರೋಗಿಗಳ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ ಸುಮಾರು 18% ಏರಿತು, ಸಾಧಾರಣ ವೇಗದವರದ್ದು 8%. ಎಲ್ಲರೂ ಕುಣಿದರು. ಆಮೇಲೆ ಬೆಲ್ಜಿಯಂನಲ್ಲಿ 200 ಜನರ ಮೇಲೆ ಹನ್ನೆರಡು ವಾರ ಮಾಡಿ ನೋಡಿದಾಗ ಎರಡೂ ಗುಂಪುಗಳು ಸರಿಸುಮಾರು ಒಂದೇ ಎತ್ತರಕ್ಕೆ ಬಂದು ನಿಂತವು. ಅಪಾಯದ ಮಾತೂ ಇದೆ. ನಾರ್ವೆಯ ರಿಹ್ಯಾಬ್ ಕೇಂದ್ರಗಳ 4,846 ರೋಗಿಗಳ ಒಂದೂಮುಕ್ಕಾಲು ಲಕ್ಷ ಗಂಟೆಗಳ ವ್ಯಾಯಾಮದಲ್ಲಿ ಹೃದಯ ಸ್ತಂಭನವಾದದ್ದು ಮೂರು ಸಲ. ಎರಡು ಇಂಟರ್ವಲ್‌ನಲ್ಲಿ, ಇಬ್ಬರೂ ಬದುಕಿದರು; ಒಂದು ಸಾಧಾರಣ ವೇಗದಲ್ಲಿ, ಆತ ತೀರಿಕೊಂಡ. ಬೇಸರ ಕಳೆಯುತ್ತದೆ, ಹೊತ್ತು ಉಳಿಯುತ್ತದೆ ಅನ್ನುವವರು ಡಾಕ್ಟರನ್ನು ಕೇಳಿ ಮಾಡಲಿ. ನನಗಂತೂ ಅದರ ಹಂಬಲವಿಲ್ಲ.

ಭಾರ ಎತ್ತುವುದರ ಬಗ್ಗೆ ಮಾತ್ರ ನಾನು ಪೂರ್ತಿ ಇಲ್ಲಿಯವರ ಕಡೆ. ಹಗುರವಾದದ್ದನ್ನು ಹತ್ತು ಹದಿನೈದು ಸಲ ಎತ್ತುವಾಗ ಓಡುವಾಗಿನಷ್ಟು ನಾಡಿ ಏರುವುದಿಲ್ಲ. ಕೆಡುವುದು ಉಸಿರು ಬಿಗಿಹಿಡಿದಾಗ. ಆಗ ರಕ್ತದೊತ್ತಡ ಒಂದೇ ಸಲಕ್ಕೆ ನೆಗೆಯುತ್ತದೆ. ಎತ್ತುವಾಗ ಉಸಿರು ಬಿಡು, ಇಳಿಸುವಾಗ ಎಳೆದುಕೋ, ಇಷ್ಟನ್ನು ನನ್ನ ಬಾಯಲ್ಲಿ ಗಿಣಿಪಾಠ ಮಾಡಿಸಿದ ಮೇಲೆಯೇ ಡಂಬೆಲ್ ಮುಟ್ಟಲು ಬಿಟ್ಟಿದ್ದು. ಭಾವನ ತೋಳು ತೊಡೆ ಈ ಹನ್ನೊಂದು ವರ್ಷದಲ್ಲಿ ಎಷ್ಟು ಸೊರಗಿವೆ ಅನ್ನುವುದು ವಿಡಿಯೋ ಕಾಲ್‌ನಲ್ಲೇ ಕಾಣುತ್ತದೆ. ಕುರ್ಚಿಯಿಂದ ಏಳಲು ಕೈ ಊರಬೇಕು.

ಯೋಗ ಮಾಡಿದರೆ ಸಾಕು ಅನ್ನುವವರಿಗೂ ಒಂದು ಮಾತು. ಭಾರತದ 24 ಕೇಂದ್ರಗಳಲ್ಲಿ, ಹೃದಯಾಘಾತವಾದ 3,959 ಜನರ ಮೇಲೆ ಯೋಗ ಆಧಾರಿತ ರಿಹ್ಯಾಬ್ ನಡೆಸಿ 2020ರಲ್ಲಿ ಫಲಿತಾಂಶ ಪ್ರಕಟಿಸಿದ್ದಾರೆ. ಆರೋಗ್ಯ ಸುಧಾರಿಸಿದೆ ಅನ್ನುವ ಭಾವನೆ, ಮೊದಲಿನ ಕೆಲಸಗಳಿಗೆ ಮರಳುವುದು, ಎರಡರಲ್ಲೂ ಯೋಗದವರು ಮಾಮೂಲಿ ಆರೈಕೆಯವರಿಗಿಂತ ತುಸು ಮುಂದಿದ್ದರು. ಸಾವು, ಮರು ಆಘಾತಗಳ ಲೆಕ್ಕದಲ್ಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಯೋಗ ಇರಲಿ, ಏದುಸಿರಿನ ಜಾಗವನ್ನು ಅದಕ್ಕೆ ಕೊಡಬೇಡಿ.

ಇಲ್ಲಿಯವರದೆಲ್ಲ ಸರಿ ಅಂತಲ್ಲ. ಹನ್ನೆರಡು ವಾರ ಅಚ್ಚುಕಟ್ಟಾಗಿ ಅಳೆದು ತೂಗಿ ಮಾಡಿಸುತ್ತಾರೆ. ಹದಿಮೂರನೇ ವಾರ ಕೈಬಿಡುತ್ತಾರೆ. ನನ್ನ ಜೊತೆಗಿದ್ದ ಎಂಟು ಜನರಲ್ಲಿ ಈಗಲೂ ಮಾಡುತ್ತಿರುವವರು ನನಗೆ ಗೊತ್ತಿರುವಂತೆ ಇಬ್ಬರು. ಉಳಿದವರು ಸೋಫಾಕ್ಕೆ ಮರಳಿದರು, ಹಿಮ ಬಿದ್ದ ದಿನ ಮಾತ್ರ ಎದ್ದು ಸಲಿಕೆ ಹಿಡಿಯುತ್ತಾರೆ. ಅದೇ ಭಯ. ದಿನವೂ ಕೂತೇ ಇರುವವನು ಒಮ್ಮೆಲೇ ಮೈಮುರಿದು ದುಡಿದರೆ ಆ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವ ಸುಮಾರು ನೂರು ಪಟ್ಟು ಏರುತ್ತದೆಂದು 1993ರ ಒಂದು ಅಮೆರಿಕನ್ ಅಧ್ಯಯನ ಹೇಳಿತ್ತು. ವಾರಕ್ಕೆ ಐದು ದಿನ ಬೆವರು ಹರಿಸುವವರಿಗೆ ಅದು ಎರಡೂವರೆ ಪಟ್ಟಿನ ಹತ್ತಿರ ಮಾತ್ರ. ಭಾವ ಮಾತ್ರ ಹನ್ನೊಂದು ವರ್ಷ ಒಂದು ದಿನ ತಪ್ಪಿಸಿಲ್ಲ. ಯಾವ ಚೀಟಿಯೂ ಇಲ್ಲದೆ.

ಮೊನ್ನೆ ಅಕ್ಕ ಇಲ್ಲದ ಹೊತ್ತು ನೋಡಿ ಭಾವನೇ ಫೋನ್ ಮಾಡಿದರು. 'ಅದೇನೋ ಪಟ್ಟಿ ಅಂದ್ಯಲ್ಲಪ್ಪಾ, ಅದರಲ್ಲಿ ನನ್ನ ವಾಕಿಂಗ್ ಎಷ್ಟಕ್ಕೆ ಬರುತ್ತೆ?'

'ನಡೀತಾ ಮಾತಾಡೋಕಾಗುತ್ತಾ ಭಾವ?'

'ಮಾತೇನು, ದೇವರನಾಮ ಹೇಳ್ಕೊಂಡೇ ನಡೀತೀನಲ್ಲ!'

'ಎಂಟು ಭಾವ. ಬಹಳ ಅಂದ್ರೆ ಒಂಬತ್ತು.'

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: 'ಆ ಡಂಬೆಲ್ಲು, ಒಂದು ಕೆ.ಜಿ.ದೂ ಸಿಗುತ್ತಾ?'

'ಸಿಗುತ್ತೆ. ಮೊದಲು ಡಾಕ್ಟರನ್ನ ಒಂದು ಮಾತು ಕೇಳಿಬಿಡಿ.'

'ಡಾಕ್ಟರನ್ನ ಕೇಳ್ತೀನಪ್ಪಾ,' ಅಂದರು ಭಾವ, 'ನಿಮ್ಮ ಅಕ್ಕನ್ನ ಕೇಳೋರು ಯಾರು?'