ಡರ್ಬನ್‌ನಲ್ಲಿ ವಯಸ್ಸು ಕೇಳುತ್ತಾರೆ, ನಮ್ಮಲ್ಲಿ ಚಾಳಿ ಕೇಳುತ್ತಾರೆ

ನಾನಿರುವ ದಕ್ಷಿಣ ಆಫ್ರಿಕಾದ ಡರ್ಬನ್‌ನ ಸರ್ಕಾರಿ ಕ್ಲಿನಿಕ್‌ಗೆ ಜ್ವರ ಅಂತ ಹೋದರೂ ನರ್ಸ್ ಕೇಳುತ್ತಾರೆ: "ಎಚ್‌ಐವಿ ಟೆಸ್ಟ್ ಮಾಡಿಸಿ ಎಷ್ಟು ದಿನ ಆಯ್ತು?" ಬೆರಳಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದರೆ ಅರ್ಧ ಗಂಟೆಯೊಳಗೆ ಉತ್ತರ. ನನ್ನ ಜೊತೆ ಕೆಲಸ ಮಾಡುವ ಹೆಂಗಸೊಬ್ಬರು ಊಟದ ಬಿಡುವಿನಲ್ಲಿ ಎಚ್‌ಐವಿ ಮಾತ್ರೆ ತಂದು ಟೇಬಲ್ ಮೇಲೆಯೇ ಇಡುತ್ತಾರೆ, ಬಿಪಿ ಮಾತ್ರೆ ಇಟ್ಟ ಹಾಗೆ. ನಮ್ಮ ಬಾಗಲಕೋಟೆ ಕಡೆ ಇದೇ ಮಾತ್ರೆಗೆ ಪಕ್ಕದ ಜಿಲ್ಲೆಗೆ ಬಸ್ ಹತ್ತುವವರಿದ್ದಾರೆ. ಊರವರ ಕಣ್ಣಿಗೆ ಬೀಳಬಾರದಲ್ವಾ?

ಇಲ್ಲಿಯವರು ಹುಟ್ಟಾ ಧೈರ್ಯವಂತರು ಅಂತಲ್ಲ. 2000ದ ಸುಮಾರಿಗೆ ಅಧ್ಯಕ್ಷ ಥಾಬೋ ಎಂಬೆಕಿಯವರೇ ಏಡ್ಸ್‌ಗೆ ವೈರಸ್ ಕಾರಣ ಅನ್ನುವುದನ್ನು ಅನುಮಾನಿಸಿ ಕೂತಿದ್ದರು. ಔಷಧಿ ತಡವಾಯಿತು, ಲಕ್ಷಾಂತರ ಜನ ಸತ್ತರು. 2022ರ ಸಮೀಕ್ಷೆಯ ಪ್ರಕಾರ ಈ ದೇಶದಲ್ಲಿ ಸೋಂಕಿತರು 78 ಲಕ್ಷ. ಮನೆಮನೆಗೂ ಬಂದದ್ದನ್ನು ಮುಚ್ಚಿಡುವುದಾದರೂ ಹೇಗೆ? ಭಾರತದಲ್ಲಿ ಸುಮಾರು 25 ಲಕ್ಷ, ಅಂದರೆ ವಯಸ್ಕರಲ್ಲಿ 1000ಕ್ಕೆ ಇಬ್ಬರು.

ನನಗೆ ಹಿಡಿಸಿದ್ದು ಇಲ್ಲಿಯವರು ಲೆಕ್ಕ ಹಾಕುವ ರೀತಿ. ಡರ್ಬನ್ ಇರುವ ಪ್ರಾಂತ್ಯ ಕ್ವಾಝುಲು-ನಟಾಲ್‌ನ ಹಳ್ಳಿಗಳಲ್ಲಿ ಸಂಶೋಧಕರು ವೈರಸ್‌ಗಳ ವಂಶಾವಳಿಯನ್ನೇ ಜೋಡಿಸಿ, ಯಾರದು ಯಾರಿಂದ ಬಂದಿರಬಹುದು ಅಂತ ನೋಡಿದರು. 25 ದಾಟದ ಹುಡುಗಿಯರಿಗೆ ಸೋಂಕು ಬರುವುದು ಹೆಚ್ಚಾಗಿ ಅವರಿಗಿಂತ 8-9 ವರ್ಷ ದೊಡ್ಡ ಗಂಡಸರಿಂದ. ಆ ಗಂಡಸರಿಗೆ ತಮ್ಮದೇ ವಯಸ್ಸಿನ ಹೆಂಗಸರಿಂದ. ಹುಡುಗಿಯರು ಮೂವತ್ತರ ಹತ್ತಿರ ಬಂದಾಗ ಮತ್ತೆ ಅದೇ ಸುತ್ತು. ಹಣ, ಮೊಬೈಲ್, ಕಾಲೇಜ್ ಫೀಸು, ಎಲ್ಲವೂ ಈ ಸಂಬಂಧಗಳೊಳಗಿವೆ. ಅದಕ್ಕೂ ಹಿಂದೆ ಹೋದರೆ ಜೋಹಾನ್ಸ್‌ಬರ್ಗ್‌ನ ಚಿನ್ನದ ಗಣಿಗಳು. ಗಂಡಸರು ಹಾಸ್ಟೆಲಿನಲ್ಲಿ, ಹೆಂಡತಿ ಊರಲ್ಲಿ. ವರ್ಣಭೇದದ ಕಾನೂನು ಸಂಸಾರವನ್ನೇ ಎರಡು ಮಾಡಿತ್ತು.

ನಮ್ಮಲ್ಲಿ ಲೆಕ್ಕ ಬೇರೆ. ಲೈಂಗಿಕ ಕಾರ್ಯಕರ್ತೆಯರು, ಲಾರಿ ಡ್ರೈವರುಗಳು, ಸಲಿಂಗಿ ಗಂಡಸರು, ಸೂಜಿಯಲ್ಲಿ ಡ್ರಗ್ಸ್ ತಗೊಳ್ಳುವವರು ಅಂತ ಗುಂಪು ಮಾಡಿ ಅಲ್ಲೇ ಕೆಲಸ ಮಾಡಿದರು. ಅದರಿಂದ ಸೋಂಕು ಇಳಿಯಿತು, ಅದನ್ನು ಒಪ್ಪಲೇಬೇಕು. ಬೆಳಗಾವಿ, ಬಾಗಲಕೋಟೆಯಲ್ಲಿ ದೇವದಾಸಿ ಹೆಣ್ಣುಮಕ್ಕಳೇ ಸಂಘ ಕಟ್ಟಿಕೊಂಡು ಕಾಂಡೋಮ್ ಹಂಚಿದರು, ಪೊಲೀಸರ ಕಾಟಕ್ಕೆ ಎದುರು ನಿಂತರು. ಅವರಷ್ಟು ಕೆಲಸ ಯಾವ ಜಾಹೀರಾತೂ ಮಾಡಿಲ್ಲ.

ಆದರೆ ಆ ಪಟ್ಟಿ ಸರ್ಕಾರಿ ಫೈಲಿನಿಂದ ಊರ ಕಟ್ಟೆಗೆ ಬಂದಾಗ ಚಾಳಿಯ ಪಟ್ಟಿಯಾಯಿತು. "ನಮ್ಮ ಮನೆಯವರು ಅಂಥವರಲ್ಲ" ಅಂತ ಎಲ್ಲರೂ ಸುಮ್ನೆ ಕೂತರು. ದೇಶದ ಸೋಂಕಿತರಲ್ಲಿ 100ಕ್ಕೆ ಸುಮಾರು 44 ಮಂದಿ ಹೆಂಗಸರು. ಅವರಲ್ಲಿ ಬಹಳ ಜನಕ್ಕೆ ಗಂಡನ ಹೊರತು ಬೇರೆ ಸಂಗಾತಿಯೇ ಇರಲಿಲ್ಲ. ಅವರು ಯಾವ ಗುಂಪು? ಗೋವಾಕ್ಕೋ ಪುಣೆಗೋ ದುಡಿಯಲು ಹೋಗಿ ಬರುವ ಗಂಡ, ಹತ್ತು ವರ್ಷ ಚಿಕ್ಕ ಹೆಂಡತಿ. ಡರ್ಬನ್ ಲೆಕ್ಕದಲ್ಲಿ ಆಕೆ ಮೊದಲ ಸಾಲಿನಲ್ಲೇ ಸಿಗುತ್ತಾಳೆ.

ಒಂದು ವಿಷಯದಲ್ಲಿ ಮಾತ್ರ ಎರಡೂ ಕಡೆಯವರು ಒಂದೇ. ಬಸುರಿಯಾದ ಕೂಡಲೇ ಹೆಂಗಸಿಗೆ ಟೆಸ್ಟ್, ಗಂಡಸು ಆಸ್ಪತ್ರೆ ಮೆಟ್ಟಿಲು ಹತ್ತುವುದು ಕಾಯಿಲೆ ಬಿದ್ದ ಮೇಲೆ. ಮೊದಲು ಗೊತ್ತಾಗುವುದು ಆಕೆಯದು, ಹಾಗಾಗಿ ತಂದವಳೂ ಆಕೆಯೇ ಅಂತ ಅತ್ತೆಮನೆಯ ತೀರ್ಪು. ಆಕೆಗೆ ತಾಯಿ ಕಾರ್ಡ್ ಕೊಡುವಾಗಲೇ ಗಂಡನನ್ನೂ ಕರೆಸಿ, ಅವತ್ತೇ ಅವನ ಬೆರಳಿಗೂ ಚುಚ್ಚಲಿ.