ಚುಂಚೊ ಸುಮ್ಮನೆ ಗುಂಡು ಹೊಡೆಯಲಿಲ್ಲ

ದಾಮಿಯಾನೊ ದಾಮಿಯಾನಿಯ ‘ಕ್ಯೆನ್ ಸಾಬೆ?’ (1966) ಸಿನಿಮಾದ ಕೊನೆಯ ದೃಶ್ಯಕ್ಕೆ ತಲೆಬುಡ ಇಲ್ಲ ಅಂತ ಮತ್ತೊಬ್ಬರು ಬರೆದಿದ್ದನ್ನು ಓದಿ ಮೈ ಉರಿದುಹೋಯಿತು. ಸ್ಪಾಗೆಟ್ಟಿ ವೆಸ್ಟರ್ನ್, ಅಂದರೆ ಇಟಲಿಯವರು ತೆಗೆದ ಕೌಬಾಯ್ ಸಿನಿಮಾಗಳ ವಿಷಯಕ್ಕೆ ಬಂದರೆ ನಾನು ಸುಮ್ಮನಿರುವವನಲ್ಲ ಅಂತ ನಿಮಗೆಲ್ಲ ಗೊತ್ತು. ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ಕೊನೆಯ ಬಗ್ಗೆಯೇ ಹೇಳಬೇಕಿದೆ.

ಮೆಕ್ಸಿಕೊ ಕ್ರಾಂತಿಯ ಕಾಲ. ಎಲ್ ಚುಂಚೊ (ಜಾನ್ ಮರಿಯಾ ವೊಲೊಂತೆ) ಸೈನ್ಯದ ಬಂದೂಕು ದೋಚಿ ಕ್ರಾಂತಿಯ ಜನರಲ್ ಎಲಿಯಾಸನಿಗೆ ಮಾರುವ ಡಕಾಯಿತ. ಅವನ ಗುಂಪಿಗೆ ಬಿಲ್ ಟೇಟ್ (ಲೂ ಕಾಸ್ತೆಲ್) ಎಂಬ ಅಮೆರಿಕದ ಹುಡುಗ ಸೇರಿಕೊಳ್ಳುತ್ತಾನೆ. ನೀಟಾದ ಸೂಟು, ತಣ್ಣನೆಯ ಮುಖ, ಸಾಮಾನಿನ ನಡುವೆ ಒಂದು ಚಿನ್ನದ ಗುಂಡು. ಎಲಿಯಾಸನನ್ನು ಕೊಂದು ಇನಾಮು ಪಡೆಯಲು ಬಂದವನು ಅವನು. ಕೆಲಸ ಮುಗಿಸಿ, ದುಡ್ಡಿನಲ್ಲಿ ಅರ್ಧ ಪಾಲನ್ನು ಚುಂಚೊಗೆ ಕೊಡುತ್ತಾನೆ, ಹೊಸ ಸೂಟು ಹಾಕಿಸುತ್ತಾನೆ, ಜೊತೆಗೆ ಕರೆದುಕೊಂಡು ಹೊರಡುತ್ತಾನೆ. ಇಷ್ಟು ಮಾಡಿದವನನ್ನು ಚುಂಚೊ ಸ್ಟೇಷನ್ನಿನಲ್ಲಿ ಯಾಕೆ ಕೊಂದ ಅನ್ನೋದೇ ಎಲ್ಲರ ಪ್ರಶ್ನೆ.

ಟಿಕೆಟ್ ಕೌಂಟರ್ ನೋಡಿ ಸ್ವಾಮಿ! ಬಡ ಮೆಕ್ಸಿಕನ್ನರು ಸಾಲಾಗಿ ನಿಂತಿದ್ದಾರೆ. ಟೇಟ್ ಅವರನ್ನೆಲ್ಲ ಪಕ್ಕಕ್ಕೆ ಸರಿಸಿ ಮುಂದೆ ನುಗ್ಗುತ್ತಾನೆ. ಅವನಿಗೆ ಅದು ತಪ್ಪು ಅಂತಲೂ ಅನಿಸುವುದಿಲ್ಲ. ಚುಂಚೊ ನೋಡುತ್ತಾನೆ. ವೊಲೊಂತೆಯ ಮುಖದಲ್ಲಿ ನಗು ಆರಿಹೋಗುವುದನ್ನು ಗಮನಿಸಿದರೆ ಸಾಕು, ಬೇರೆ ವಿವರಣೆ ಬೇಕಿಲ್ಲ. ಈ ಸ್ನೇಹಿತ ತನ್ನವರನ್ನು ಏನೆಂದು ತಿಳಿದಿದ್ದಾನೆ ಅಂತ ಅವನಿಗೆ ಆಗ ಗೊತ್ತಾಗುತ್ತದೆ.

ಇದು ಅಷ್ಟು ಜನರ ಕಣ್ಣಿಗೆ ಬೀಳದಿರಲು ಪ್ರಿಂಟೂ ಒಂದು ಕಾರಣ. ಚಿತ್ರ ಟೆಕ್ನಿಸ್ಕೋಪಿನಲ್ಲಿ, ಅಂದರೆ ಕಡಿಮೆ ಫಿಲ್ಮಿನಲ್ಲಿ ಅಗಲ ಚಿತ್ರ ತೆಗೆಯುವ ವಿಧಾನದಲ್ಲಿ ತೆಗೆದದ್ದು. ಮಾಮೂಲಿ 35 ಎಂಎಂನಲ್ಲಿ ಒಂದು ಫ್ರೇಮಿಗೆ ಫಿಲ್ಮಿನ ಅಂಚಿನ 4 ರಂಧ್ರದಷ್ಟು ಉದ್ದ ಬೇಕು, ಇದರಲ್ಲಿ 2 ಸಾಕು. 1000 ಅಡಿ ರೋಲು 11 ನಿಮಿಷದ ಬದಲು 22 ನಿಮಿಷ ಓಡುತ್ತದೆ. ಕಡಿಮೆ ಬಜೆಟ್ಟಿನ ಇಟಾಲಿಯನ್ನರಿಗೆ ಅಗಲ ಪರದೆ ಕೈಗೆಟುಕಿದ್ದು ಹೀಗೆ. ನೆಗೆಟಿವ್ ಚಿಕ್ಕದಾದ್ದರಿಂದ ಗ್ರೇನ್ (ಚಿತ್ರದಲ್ಲಿ ಕಾಣುವ ಸಣ್ಣ ಕಾಳುಕಾಳು) ಹೆಚ್ಚು. ಅದು ದೋಷವೆಂದು ಡಿಜಿಟಲ್ಲಾಗಿ ಉಜ್ಜಿದರೆ ಮುಖಗಳು ಮೇಣದಂತಾಗುತ್ತವೆ. ಅದಕ್ಕಿಂತ ದೊಡ್ಡ ಅನ್ಯಾಯ ಹಳೇ ಟಿವಿ ಪ್ರಿಂಟುಗಳದ್ದು. ಎತ್ತರದ 2.35 ಪಟ್ಟು ಅಗಲವಿರುವ (2.35:1) ಚೌಕಟ್ಟನ್ನು ಟಿವಿಯ 1.33:1ಕ್ಕೆ ಕತ್ತರಿಸಿದರೆ ಚಿತ್ರದ ಶೇ 43ರಷ್ಟು ಭಾಗ ಹೋಗುತ್ತದೆ. ಮಾತಾಡುವವನ ಮುಖ ಉಳಿಯುತ್ತದೆ, ಅಂಚಿನಲ್ಲಿ ನಿಂತ ಜನ ಮಾಯ. ಈ ಸಿನಿಮಾದ ವಿಷಯವೇ ಆ ಅಂಚಿನ ಜನ!

‘ಗುಂಡು ಹಾರಿಸೋ ಸಿನಿಮಾಕ್ಕೆ ರಾಜಕೀಯ ಅಂಟಿಸಿದ್ದಾರೆ’ ಅನ್ನುವವರೂ ಇದ್ದಾರೆ. ರಾಜಕೀಯ ಕಿತ್ತು ನೋಡಿ, ಕಥೆ ನಿಲ್ಲುವುದೇ ಇಲ್ಲ. ಸ್ಯಾನ್ ಮಿಗೆಲ್ ಊರಿನವರು ಜಮೀನ್ದಾರನ ಕಾಟದಿಂದ ಬಿಡಿಸಿಕೊಂಡು, ಇಲ್ಲೇ ಇದ್ದು ನಮ್ಮನ್ನು ಕಾಯಿ ಅಂತ ಚುಂಚೊನನ್ನು ಬೇಡುತ್ತಾರೆ. ಅವನು ಬಂದೂಕು ಮಾರಲು ಹೊರಟುಹೋಗುತ್ತಾನೆ, ಸೈನ್ಯ ಬಂದು ಊರಿನವರನ್ನು ಕೊಲ್ಲುತ್ತದೆ. ಎಲಿಯಾಸನ ಮುಂದೆ ಆ ತಪ್ಪಿಗೆ ಮರಣದಂಡನೆಯನ್ನು ಅವನೇ ಒಪ್ಪಿಕೊಳ್ಳುತ್ತಾನೆ. ಅಂಥವನು ಟಿಕೆಟ್ ಸಾಲಿನ ಮುಂದೆ ಸುಮ್ಮನಿರುತ್ತಾನೆಯೇ? ಬರವಣಿಗೆಯಲ್ಲಿ ಫ್ರಾಂಕೊ ಸೊಲಿನಾಸ್ ಇದ್ದಾನೆ, ‘ದಿ ಬ್ಯಾಟಲ್ ಆಫ್ ಅಲ್ಜಿಯರ್ಸ್’ ಬರೆದವನು, ಅದೂ 1966ರದ್ದೇ. ವಸಾಹತುಶಾಹಿಯ ಬಗ್ಗೆ ಅಷ್ಟು ತೀಕ್ಷ್ಣವಾಗಿ ಬರೆದವನು ಇಲ್ಲಿ ಟೇಟ್‌ನಂಥವನನ್ನು ಕಾರಣವಿಲ್ಲದೆ ತಂದಿಲ್ಲ.

ಯಾಕೆ ಕೊಲ್ಲುತ್ತೀ ಅಂತ ಟೇಟ್ ಕೇಳಿದಾಗ ಚುಂಚೊಗೆ ಬಾಯಲ್ಲಿ ಉತ್ತರ ಸಿಗುವುದಿಲ್ಲ, ನಿಜ. ಅಕ್ಷರ ಕಲಿಯದವನು ಭಾಷಣ ಬಿಗಿಯದಿದ್ದರೆ ಕಾರಣವೇ ಇಲ್ಲ ಅಂತ ತೀರ್ಮಾನಿಸುವುದು ನೋಡುವವರ ಸೋಮಾರಿತನ. ಮುಂದೆ ಇನಾಮಿನ ಆ ದುಡ್ಡನ್ನು ಬೂಟ್ ಪಾಲಿಶ್ ಮಾಡುವ ಬಡವನಿಗೆ ಕೊಟ್ಟು, ಬ್ರೆಡ್ ಕೊಳ್ಳಬೇಡ, ಡೈನಮೈಟ್ ಕೊಳ್ಳು ಅನ್ನುತ್ತಾನಲ್ಲ, ಅದಕ್ಕಿಂತ ಸ್ಪಷ್ಟವಾಗಿ ಇನ್ನೇನು ಹೇಳಬೇಕಿತ್ತು?

ನೋಡುವುದಾದರೆ 2.35:1 ಇದೆಯೇ, ಅವಧಿ ಹತ್ತಿರಹತ್ತಿರ ಎರಡು ಗಂಟೆ ಇದೆಯೇ ಅಂತ ಪರೀಕ್ಷಿಸಿ. ಮಾತೆಲ್ಲ ಆಮೇಲೆ ಡಬ್ ಮಾಡುತ್ತಿದ್ದ ಕಾಲ, ತುಟಿಯ ಚಲನೆ ಮಾತಿಗೆ ಹೊಂದದಿದ್ದರೆ ತಲೆಕೆಡಿಸಿಕೊಳ್ಳಬೇಡಿ. ಇಟಾಲಿಯನ್ ಆಡಿಯೊ, ಕೆಳಗೆ ಸಬ್‌ಟೈಟಲ್ ಹಾಕಿಕೊಳ್ಳಿ. ಸ್ಟೇಷನ್ ಬಂದಾಗ ಮಾತ್ರ ಫೋನು ಕೆಳಗಿಡಿ.